ಬುಡದ ಇಬ್ಬನಿ

ಹುಲ್ಲುಗಾವಲಿಗೆ ಬೆಂಕಿ ಇಡುವ ದಿನವನ್ನು ಇಪ್ಪತ್ತು ವರ್ಷದಿಂದ ಗೊತ್ತುಮಾಡುತ್ತಿದ್ದುದು ಬೆಂಕಿಯಜ್ಜಿಯ ಕಾಲು. ಬಿರುಬೇಸಿಗೆಯಲ್ಲಿ ಕಾಡ್ಗಿಚ್ಚು ಎದ್ದರೆ ಹಳ್ಳದ ಈಚೆ ಆಚೆಯ ಎರಡು ಹಳ್ಳಿಯೂ ಉಳಿಯುವುದಿಲ್ಲ. ಅದಕ್ಕೇ ಹುಲ್ಲು ಅರ್ಧ ಹಸಿ ಇರುವಾಗಲೇ ಹಳ್ಳದ ದಂಡೆಯ ಪಟ್ಟಿಯನ್ನು ತಾವೇ ಸುಟ್ಟು, ಮುಂದೆ ಬರುವ ಕಿಚ್ಚಿಗೆ ಮೇವಿಲ್ಲದಂತೆ ಮಾಡುತ್ತಾರೆ. ಸಂಜೆ ಹಚ್ಚಿದ್ದನ್ನು ರಾತ್ರಿಯ ಇಬ್ಬನಿ ಆರಿಸಬೇಕು. ಅಷ್ಟು ಇಬ್ಬನಿ ಬೀಳುತ್ತಿದೆಯೇ ಎಂದು ಅಜ್ಜಿ ಬೆಳಿಗ್ಗೆ ಬರಿಗಾಲಲ್ಲಿ ನಡೆದು ಹೇಳುತ್ತಾಳೆ. ಕೈಗೆ ಸಿಗುವುದು ಹುಲ್ಲಿನ ತುದಿಯ ತೇವ ಅಷ್ಟೇ; ಬುಡದಲ್ಲಿ ತಂಪು ಕೂತಿದೆಯೋ ಇಲ್ಲವೋ ಎನ್ನುವುದು ಅಂಗಾಲಿಗೇ ತಿಳಿಯಬೇಕು.

ಅರಣ್ಯ ಇಲಾಖೆಯವರು ಮೊದಮೊದಲು ನಕ್ಕಿದ್ದರು, ಬೆಂಕಿ ಹಚ್ಚಿದವರನ್ನು ಹಿಡಿದೂ ಒಯ್ದಿದ್ದರು. ಒಂದು ಬೇಸಿಗೆ ಅವರ ಕಚೇರಿಯೇ ಸುಟ್ಟು ಬೂದಿಯಾದ ಮೇಲೆ ನಗು ನಿಂತಿತು. ಈಗ ಗಾರ್ಡು ಗಾಳಿ ಅಳೆಯುವ ಯಂತ್ರ ಹಿಡಿದು ಬರುತ್ತಾನೆ, ಆಚೆ ಹಳ್ಳಿಯವರು ಬೆಂಕಿ ಬಡಿದು ಆರಿಸಲು ಹಸಿರು ಕೊಂಬೆ ಹೊತ್ತು ಬರುತ್ತಾರೆ. ಕೊನೆಯ ಮಾತು ಮಾತ್ರ ಅಜ್ಜಿಯದು.

ಅವರಿಗೆ ಗೊತ್ತಿಲ್ಲದ್ದು ಒಂದೇ: ಸಕ್ಕರೆ ಕಾಯಿಲೆ ಆ ಕಾಲಿನ ಸ್ಪರ್ಶವನ್ನೇ ತಿಂದುಹಾಕಿತ್ತು. ಹೋದ ವರ್ಷ ಜುಮುಗುಡುತ್ತಿತ್ತು, ಈ ವರ್ಷ ಅದೂ ಇಲ್ಲ. ಚಪ್ಪಲಿ ಇಲ್ಲದೆ ಹೊರಗೆ ಕಾಲಿಡಬೇಡಿ ಎಂದು ನರ್ಸಮ್ಮ ಹೇಳಿದ್ದನ್ನು ಅಜ್ಜಿ ಕಿವಿಗೆ ಹಾಕಿಕೊಂಡಿರಲಿಲ್ಲ, ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಮೂಲೆಯಲ್ಲಿ ಕೂರಿಸುತ್ತಾರೆ. ಅವಳಿಗೆ ಬೆಂಕಿಗಿಂತ ಆ ಮೂಲೆಯದೇ ಹೆಚ್ಚು ಭಯ.

ಆ ದಿನ ಬೆಳಿಗ್ಗೆ ಅವಳು ಪಟ್ಟಿಯ ಉದ್ದಕ್ಕೂ ನಡೆದು ಬಂದಳು. ಬಗ್ಗಿ ಬುಡ ಮುಟ್ಟಿ ನೋಡೋಣವೆಂದರೆ ಎಲ್ಲರ ಕಣ್ಣೂ ಅವಳ ಮೇಲೆಯೇ. ಸೀರೆಯ ಅಂಚು ಒದ್ದೆಯಾಗಿತ್ತು. ಇಬ್ಬನಿ ಬಿದ್ದಿರಲೇಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

"ಯಂತ್ರ ಗಾಳಿ ಸರಿಯಿದೆ ಅಂತಿದೆ," ಎಂದ ಗಾರ್ಡು. "ನಿಮ್ಮ ಕಾಲು ಏನಂತದೆ ಅಜ್ಜಿ?"

ಪಕ್ಕದಲ್ಲಿ ಜೇನಿನವನು ನಿಂತಿದ್ದ. ಅವನ ನಲವತ್ತು ಜೇನುಪೆಟ್ಟಿಗೆಗಳೂ ಹಳ್ಳದ ಆಚೆ ದಂಡೆಯಲ್ಲಿದ್ದವು. "ನೀವು ಹೂಂ ಅಂದ್ರೆ ನಾನು ಪೆಟ್ಟಿಗೆ ಎತ್ತಲ್ಲ ಅಜ್ಜಿ. ನಿಮ್ಮ ಮಾತೇ ಸಾಕು."

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನೀರಿನ ಕ್ಯಾನು ಇಳಿಸುತ್ತಿದ್ದ ಸೊಸೆ, "ಅತ್ತೆ, ಕಾಲು," ಎಂದಳು.

ಎಡಗಾಲಿನ ಹಿಮ್ಮಡಿಯಲ್ಲಿ ಬೆರಳುದ್ದದ ಮುಳ್ಳು ಅರ್ಧ ಇಳಿದಿತ್ತು. ನಡೆದು ಬಂದ ದಾರಿಯುದ್ದಕ್ಕೂ ರಕ್ತದ ಚುಕ್ಕೆ.

"ಈಗ ತಾನೆ ಚುಚ್ಚಿರಬೇಕು," ಎಂದಳು ಅಜ್ಜಿ.

ಸೊಸೆ ರಕ್ತದ ಜಾಡು ನೋಡಿದಳು, ಅತ್ತೆಯ ಮುಖ ನೋಡಿದಳು, ಬಾಯಿಗೆ ಬೀಗ ಹಾಕಿಕೊಂಡಳು. ಒಂದು ಚಿಟಿಕೆ ಉಪ್ಪಿಗೂ ಜಗಳಕ್ಕೆ ನಿಲ್ಲುವ ಸೊಸೆ ಅವಳು. ಎಲ್ಲರೆದುರು ಅತ್ತೆಯ ಮಾನ ಕಳೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವಳು ಸುಮ್ಮನಿದ್ದದ್ದನ್ನೇ ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ.

"ನನ್ನ ಕಾಲಿಗೆ ಏನೂ ಗೊತ್ತಾಗಲ್ಲ ಕಣಪ್ಪ," ಎಂದಳು ಜೇನಿನವನಿಗೆ. "ಇಬ್ಬನಿ ತುಳಿದ್ರೂ ಒಂದೇ, ಕೆಂಡ ತುಳಿದ್ರೂ ಒಂದೇ."

ನಾಚಿಕೆಯಿಂದ ಅಜ್ಜಿಯ ಮುಖ ಸುಡುತ್ತಿತ್ತು. ಸೊಸೆಯ ಕಡೆ ತಿರುಗಿ, "ಚಪ್ಪಲಿ ಬಿಟ್ಟು ನಡಿಯೇ," ಎಂದು ಗದರಿದಳು.

ಸೊಸೆ ಹಳ್ಳದವರೆಗೂ ಹೋಗಿ ಬಂದಳು. "ಮೇಲೆಲ್ಲ ಒದ್ದೆ ಅತ್ತೆ."

"ಕೆಳಗೆ?"

"ಕೆಳಗೆ ಒಣಗಿದ ಕಾಗದ ತುಳಿದ ಹಾಗೆ ಗರಗರ ಅಂತದೆ."

"ಮೂರು ದಿನದ ಗಾಳಿ ಬುಡ ಒಣಗಿಸಿದೆ. ಇವತ್ತು ಹಚ್ಚಿದ್ರೆ ಬೆಂಕಿ ಹಳ್ಳ ಹಾರ್ತದೆ," ಎಂದಳು ಅಜ್ಜಿ. "ಇನ್ನೂ ನಾಲ್ಕು ರಾತ್ರಿ ಇಬ್ಬನಿ ಬೀಳ್ಲಿ."

ಜೇನಿನವನು ಆಚೆ ದಂಡೆಯ ಪೆಟ್ಟಿಗೆಗಳನ್ನು ನೋಡಿದ, ಆಮೇಲೆ ಕುಡಿಯಲು ನೀರು ಕೇಳಿದ.

"ನಾಲ್ಕು ದಿನ ಬಿಟ್ಟು ಬರ್ತೀನಿ," ಎಂದ ಗಾರ್ಡು. "ನೀವೂ ಬರ್ಬೇಕು ಅಜ್ಜಿ."

"ಈ ಕಾಲು ಇಟ್ಕೊಂಡು ಬಂದು ಏನು ಮಾಡ್ಲಿ?"

"ಕೆಳಗೆ ಹೇಗಿದೆ ಅಂತ ಕೇಳೋಕೆ ಬೇರೆ ಯಾರಿಗೆ ಹೊಳೀತು?"

ಎಲ್ಲರೂ ಕೊಂಬೆ ಕೆಳಗಿಟ್ಟು ಹೊರಟ ಮೇಲೆ ಸೊಸೆ ಅಜ್ಜಿಯನ್ನು ಕಲ್ಲಿನ ಮೇಲೆ ಕೂರಿಸಿದಳು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಚ್ಚಿ ಮುಳ್ಳು ಕಿತ್ತಳು.

"ನೋವಾಯ್ತಾ ಅತ್ತೆ?"

"ಇಲ್ಲ," ಎನ್ನುವಾಗ ಅಜ್ಜಿಗೆ ಅಳು ಬಂತು.

ಸೊಸೆ ತನ್ನ ಚಪ್ಪಲಿಯನ್ನು ಅತ್ತೆಯ ಕಾಲಿಗೆ ತೊಡಿಸಿ, ಬರಿಗಾಲಲ್ಲಿ ಮನೆಯ ದಾರಿ ಹಿಡಿದಳು.