ಅಡ್ಡಪಟ್ಟಿ

ಗಂಡನನ್ನು ಮಣ್ಣು ಮಾಡಿ ತಿಂಗಳು ಕಳೆದರೂ ಸಮಾಧಿಯ ತಲೆದೆಸೆಗೆ ಒಂದು ಶಿಲುಬೆ ನಿಂತಿರಲಿಲ್ಲ. ಮರಕ್ಕೇನೂ ಬರವಿರಲಿಲ್ಲ. ಬರ ಬಂದದ್ದು ಮಕ್ಕಳಿಬ್ಬರ ಬುದ್ಧಿಗೆ ಎಂದು ತಾಯಿ ಬಡಗಿಯ ಅಂಗಡಿಯಲ್ಲಿ ಮೊಳೆಡಬ್ಬದ ಪಕ್ಕ ಕೂತು ಹಲ್ಲು ಕಡಿದಳು.

ದೊಡ್ಡವನು ಪಾದ್ರಿಯಾಗಲು ಓದುವವರಿಗೆ ಗ್ರೀಕ್ ಕಲಿಸುವ ಮೇಷ್ಟ್ರು. ಚಿಕ್ಕವನು ಬಸ್ ಡ್ರೈವರ್. ದೊಡ್ಡವನು ಬಂದು ಶಿಲುಬೆಯ ಅಡ್ಡಪಟ್ಟಿ ಬಿಚ್ಚಿಸುವುದು, ಚಿಕ್ಕವನು ಬಂದು ಮತ್ತೆ ಹೊಡೆಸುವುದು, ಬಡಗಿಗೆ ಇದೇ ಕೆಲಸವಾಗಿತ್ತು. ಕಂಬ ಮೊಳೆಯ ತೂತುಗಳಿಂದ ಜರಡಿಯಾಗಿತ್ತು. ಇವತ್ತು ಇಬ್ಬರೂ ಒಟ್ಟಿಗೇ ವಕ್ಕರಿಸಿದ್ದರು.

"ಬೈಬಲಲ್ಲಿ ಶಿಲುಬೆಗೆ ಇರೋ ಪದ ಸ್ಟಾವ್ರೋಸ್. ಹಾಗಂದ್ರೆ ಮೂಲದಲ್ಲಿ ನೆಟ್ಟ ಕಂಬ ಅಷ್ಟೇ ಕಣೋ. ಹಳೇ ಗ್ರೀಕಲ್ಲಿ ಬೇಲಿ ಗೂಟಕ್ಕೂ ಅದೇ ಪದ," ಎಂದ ದೊಡ್ಡವನು.

"ಅಪ್ಪನ ತಲೆ ಹತ್ರ ಬೇಲಿ ಗೂಟ ನೆಡ್ತೀಯಾ? ಯಾರಾದ್ರೂ ದನ ಕಟ್ಟಿ ಹೋಗ್ತಾರೆ!" ಎಂದ ಚಿಕ್ಕವನು.

"ಅಡ್ಡಮರ ಇರ್ಲೇ ಇಲ್ಲ ಅಂತ ನಾನೆಲ್ಲಿ ಹೇಳ್ದೆ? ರೋಮನ್ನರು ಸೇರಿಸ್ತಿದ್ರು. ಕಂಬ ಅಲ್ಲೇ ನೆಟ್ಟಿರ್ತಿತ್ತು, ಶಿಕ್ಷೆಯಾದವನು ಹೊತ್ಕೊಂಡು ಹೋಗ್ತಿದ್ದದ್ದು ಅಡ್ಡಮರ ಮಾತ್ರ ಅಂತಾರೆ. ಆದ್ರೆ ಪದದ ಅರ್ಥ..."

ತಾಯಿ ತಲೆಯೆತ್ತಿದಳು. "ಏನಂದೆ? ಹೊರೋದು ಅಡ್ಡದ್ದಾ?"

"ಹೂಂ ಅಮ್ಮಾ, ಹೆಗಲ ಮೇಲೆ. ಅದು ಬೇರೆ ವಿಷಯ ಬಿಡು."

ಬೇರೆ ವಿಷಯವಂತೆ! ಲಕ್ವ ಹೊಡೆದ ಮೇಲೆ ಗಂಡ ಅವಳ ಹೆಗಲ ಮೇಲೆ ತೋಳು ಹಾಕಿಕೊಂಡೇ ಕೊನೆತನಕ ನಡೆದಾಡಿದ್ದ. ಮಕ್ಕಳು ಭಾನುವಾರ ಬಂದು, ಯಾವ ಡಾಕ್ಟರು ವಾಸಿ ಎಂದು ಮಂಚದ ಕಾಲುದೆಸೆಯಲ್ಲಿ ಜಗಳವಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ನೆನೆದರೆ ಅವಳ ಮೈಯೆಲ್ಲ ಉರಿಯಿತು.

ಅವಳು ಎದ್ದು, ಬಿಚ್ಚಿಟ್ಟಿದ್ದ ಅಡ್ಡಪಟ್ಟಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡಳು.

"ಅಮ್ಮಾ, ಭಾರ ಇದೆ, ಇಲ್ಲಿ ಕೊಡು!" ಇಬ್ಬರೂ ಒಂದೇ ಬಾಯಲ್ಲಿ ಕೂಗಿದರು. ಅಪ್ಪ ಸತ್ತಮೇಲೆ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಇದೇ ಮೊದಲು.

"ಈಗ ಭಾರ ಕಾಣಿಸ್ತಾ? ನಿಮ್ಮಪ್ಪನ್ನ ಹೀಗೇ ಹೆಗಲ ಮೇಲೆ ಹಾಕ್ಕೊಂಡು ಬಚ್ಚಲಿಗೆ ಕರ್ಕೊಂಡು ಹೋಗ್ತಿದ್ನಲ್ಲ, ಆಗೆಲ್ಲಿ ಹೋಗಿತ್ತು ಕಣ್ಣು? ಇದು ನಂದು, ನಾನು ಹೊರ್ತೀನಿ. ಗ್ರೀಕಲ್ಲಿ ಏನಾದ್ರೂ ಅನ್ಲಿ, ಆ ಕಂಬ ನೀವಿಬ್ರೂ ಹೊತ್ಕೊಂಡು ಬನ್ನಿ."

ಅವಳು ಬೀದಿಗಿಳಿದಳು. ಬಡಗಿ ಸುತ್ತಿಗೆ ಹಿಡಿದು ಹಿಂದೆಯೇ ಹೊರಟ. ಕಂಬ ಒಬ್ಬನಿಂದ ಏಳುವಂಥದ್ದಲ್ಲ. ಯಾವ ತುದಿ ಮುಂದಿರಬೇಕು ಎಂದು ಹೇಳಲು ದೊಡ್ಡವನು ಬಾಯಿ ತೆರೆದ, ತಮ್ಮನ ಮುಖ ನೋಡಿ ಮುಚ್ಚಿಕೊಂಡು, ಬಗ್ಗಿ ಹಿಂದಿನ ತುದಿಗೆ ಹೆಗಲು ಕೊಟ್ಟ.