ದವಡೆಯ ಮೇಲಿನ ಬೆರಳು

ಗುಲಾಬಿ ಬಣ್ಣ, ಹಲ್ಲಿನ ಅಚ್ಚು ತೆಗೆಯುವ ಹಿಟ್ಟಿಗೆ ಗುಲಾಬಿ ಬಣ್ಣ ಯಾಕೋ, ನಮ್ಮವರೇ ಯಾರೋ ಬಂದರು ಎಂದು ಒಸಡು ಅಂದುಕೊಳ್ಳಲಿ ಎಂದಿರಬೇಕು, ನರ್ಸಮ್ಮ ರಬ್ಬರಿನ ಬಟ್ಟಲಿನಲ್ಲಿ ಅದನ್ನು ಗರಗರ ತಿರುವುತ್ತಿದ್ದಾಳೆ, ತಲೆಯ ಮೇಲೆ ದೀಪ, ದೀಪದ ಗಾಜಿನಲ್ಲಿ ನನ್ನ ಮುಖ ಗುಂಡಿಯಷ್ಟು — ಗುಂಡಿ ಎಂದರೆ ಅಂಗಿಯ ಗುಂಡಿ, ಆ ಇನ್ನೊಂದು ಗುಂಡಿಗೆ ಇನ್ನೂ ಸಮಯವಿದೆ, ದೇವರು ದೊಡ್ಡವನು — ಪಕ್ಕದ ತಟ್ಟೆಯಲ್ಲಿ ಎರಡು ನಮೂನೆ, ಒಂದು ಮೆತ್ತನೆಯದು, ಬೆರಳು ಒತ್ತಿದರೆ ಬಾಗುತ್ತದೆ, ಇನ್ನೊಂದು ಗಟ್ಟಿ, ಕನ್ನಡಕದ ಗಾಜಿನ ಹಾಗೆ ಆಚೆಯದೆಲ್ಲ ಕಾಣುತ್ತದೆ, ರಾತ್ರಿ ಹಲ್ಲಿಗೆ ತೊಡಿಸುವ ಅಂಗಿಗಳು ಇವು, ನೈಟ್ ಗಾರ್ಡ್ ಎನ್ನುತ್ತಾರೆ ಡಾಕ್ಟರಮ್ಮ, ಯಾವುದು ಬೇಕೋ ಇವತ್ತು ಹೇಳಿಬಿಡಿ ಅಮ್ಮಾ, ಅಚ್ಚು ಎರಡಕ್ಕೂ ಒಂದೇ, ಸಂಜೆ ಮಾಡಿಸೋಕೆ ಕಳಿಸ್ತೀನಿ. ಹೇಳಿಬಿಡಿ ಅಂತೆ. ಕಂಡವರ ಮೈಗೆಲ್ಲ ಅಳತೆ ಹಿಡಿದು ಹೊಲಿದವಳು ನಾನು, ನನ್ನ ಹಲ್ಲಿಗೆ ಒಂದು ಅಂಗಿ ಆರಿಸಲಾರದೆ ಈ ಕುರ್ಚಿಯಲ್ಲಿ ಅಂಗಾತ ಬಿದ್ದಿದ್ದೇನೆ.

ಈ ಡಾಕ್ಟರಮ್ಮ ಹೋದ ವಾರ ನಾನು ಬಾಯಿ ತೆರೆದ ಕೂಡಲೇ ನೀವು ಟೈಲರಾ ಅಂದಿದ್ದರು, ಮುಂದಿನ ಹಲ್ಲಿನ ತುದಿಯಲ್ಲಿ ಗೀರು ಬಿದ್ದಿದೆಯಂತೆ, ದಾರ ಕಚ್ಚಿ ಕತ್ತರಿಸಿ ಕತ್ತರಿಸಿ, ಕತ್ತರಿ ಇಲ್ವಾ ಮನೇಲಿ, ಇದೆ ತಾಯಿ, ಆದರೆ ಹಲ್ಲು ಹತ್ತಿರ ಇದೆ, ಅವರು ನಕ್ಕರು, ಆಮೇಲೆ ಒಳಗೆ ಕನ್ನಡಿ ತೂರಿಸಿ ನಗು ನಿಲ್ಲಿಸಿದರು, ದವಡೆ ಹಲ್ಲಿನಲ್ಲಿ ಬಿರುಕು, ಕೂದಲೆಳೆಯಷ್ಟು, ರಾತ್ರಿಯ ಒತ್ತಡ ತಡೆಯದೆ ಹೋದರೆ ಬೇರಿನ ತನಕ ಸೀಳುತ್ತೆ, ಆಮೇಲೆ ಕೀಳೋದೇ ಗತಿ. ಸರಿ, ತಡೆಯೋಣ, ಹೇಗೆ. ಅದಕ್ಕೆ ಅವರು ಕೇಳಿದ್ದು — ನೀವು ನಿದ್ದೇಲಿ ಹಲ್ಲು ಕಟಕಟ ಅಂತ ಕಡೀತೀರಾ, ಇಲ್ಲ ಶಬ್ದ ಇಲ್ಲದೆ ಬಿಗಿಯಾಗಿ ಕಚ್ಚಿ ಹಿಡೀತೀರಾ, ಕಡಿಯೋರಿಗೆ ಮೆತ್ತಗಿಂದು ಕೊಟ್ರೆ ಅಗಿದು ಹಾಕ್ತಾರೆ, ಗಟ್ಟಿದೇ ಬೇಕು, ಬರೀ ಕಚ್ಚೋರಾದ್ರೆ ಮೆತ್ತಗಿಂದು ನೋಡಬಹುದು, ಪಕ್ಕದಲ್ಲಿ ಮಲಗೋರನ್ನ ಕೇಳ್ಕೊಂಡು ಬನ್ನಿ. ಕೇಳ್ಕೊಂಡು ಬರ್ತೀನಿ ಅಂದೆ, ಎಷ್ಟು ಸಲೀಸಾಗಿ ಅಂದೆ, ಪಕ್ಕದಲ್ಲಿ ಯಾರೋ ಹೊದಿಕೆ ಎಳೆದಾಡಿಕೊಂಡು ಮಲಗುವವರು ಇರುವ ಹಾಗೆ. ಪಕ್ಕದಲ್ಲಿ ಇಸ್ತ್ರಿಯಾಗದ ಬಟ್ಟೆಯ ರಾಶಿ ಇದೆ ಡಾಕ್ಟರಮ್ಮ, ಅದಕ್ಕೆ ತೋಳಿದೆ, ಕಿವಿಯಿಲ್ಲ. ಮನುಷ್ಯನಿಗೆ ತನ್ನ ನಿದ್ದೆಯ ಸುದ್ದಿ ತನಗೇ ಇಲ್ಲ, ಎಂಥ ಏರ್ಪಾಡು ಮಾಡಿದೆಯಪ್ಪಾ ಭಗವಂತ, ನನ್ನ ಬಾಯಿ, ನನ್ನ ಹಲ್ಲು, ಶಬ್ದ ಮಾತ್ರ ಇನ್ನೊಬ್ಬರ ಪಾಲಿಗೆ, ನಿನಗೆ ಗೊತ್ತಿದೆ ನಿಜ, ಆದರೆ ದೇವರನ್ನೇ ಕೇಳ್ಕೊಂಡು ಬಂದೆ ಅಂದರೆ ಈ ಹೆಣ್ಣುಮಗಳು ತಲೆಗೂ ಒಂದು ಗಾರ್ಡ್ ಬರೆದುಕೊಟ್ಟಾಳು.

ಅದಕ್ಕೂ ಮೊದಲು, ದವಡೆ ನೋವಿಗೆಂದು, ಔಷಧಿ ಅಂಗಡಿಯ ಗಾರ್ಡ್ ಒಂದನ್ನು ತಂದಿದ್ದೆ, ಅಂಗಡಿಯವನು ಬಾಕ್ಸಿಂಗ್ ಆಡ್ತೀರಾ ಅಮ್ಮ ಅಂದ, ಹೂಂನಪ್ಪಾ, ನನ್ನ ಜೊತೆ ನಾನೇ, ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ನಿಮ್ಮ ಹಲ್ಲಿನ ಅಳತೆಗೇ ಕೂರುತ್ತೆ ಅಂದ, ನೀರು ಕುದಿಯುವಾಗ ಯಾರದೋ ಪ್ಯಾಂಟಿನ ಅಂಚು ಮಡಚುತ್ತ ಮರೆತೆ, ಎತ್ತಿ ನೋಡಿದರೆ ಬಸವನಹುಳುವಿನ ಹಾಗೆ ಸುರುಟಿಕೊಂಡಿತ್ತು, ಹಾಗೇ ಹಾಕಿಕೊಂಡು ಮಲಗಿದೆ, ಬೆಳಗ್ಗೆ ಅದು ದಿಂಬಿನ ಕೆಳಗೆ, ಉಗಿದವಳು ನಾನೇ, ಯಾವಾಗ ಉಗಿದೆನೋ ನನಗೆ ತಿಳಿಯದು. ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು. ಅಜ್ಜಿಗೆ ಎಲ್ಲ ಕೇಳುತ್ತಿತ್ತು, ಒಂದೇ ಹಾಸಿಗೆಯಲ್ಲಿ ನಡುವೆ ಅವಳು, ಅತ್ತ ತಂಗಿ, ಇತ್ತ ನಾನು, ಒಬ್ಬ ರಾಜ, ಅವನಿಗೊಬ್ಬಳೇ ಮಗಳು, ಹೂಂ ಅನ್ರೇ, ಹೂಂಗುಟ್ಟೋರಿಲ್ಲದ ಕಥೆ ನಡುದಾರೀಲಿ ಕೂತುಬಿಡುತ್ತೆ, ಅದರ ಪಾಪ ಕೇಳೋರಿಗೆ, ನಾನು ಹೂಂ ಹೂಂ ಎನ್ನುತ್ತಲೇ ನಿದ್ದೆಗೆ ಜಾರಿ ಹಲ್ಲು ಕಡಿಯತೊಡಗಿದರೆ ಅಜ್ಜಿ, ನೋಡೇ ಚಿಕ್ಕೋಳೇ, ನಿಮ್ಮಕ್ಕ ಕನಸಲ್ಲಿ ಹುರಿಗಡಲೆ ತಿಂತಿದಾಳೆ, ನಮಗೊಂದು ಕಾಳು ಕೊಡಲ್ಲ ಜಿಪುಣಿ, ಆಗ ತಂಗಿ ಅಜ್ಜಿಯ ಹೊಟ್ಟೆಯ ಮೇಲಿಂದ ಕೈ ಚಾಚಿ — ಕಿವಿಯ ಕೆಳಗೆ, ದವಡೆ ತಿರುಗುವ ಮೂಲೆಯಲ್ಲಿ, ಒಂದೇ ಒಂದು ತಣ್ಣನೆಯ ಬೆರಳು ಇಟ್ಟು, ಬಿಡಕ್ಕಾ. ಅಷ್ಟೇ. ಅವಳ ಬೆರಳು ಯಾವಾಗಲೂ ತಣ್ಣಗೆ. ಬಿಟ್ಟುಬಿಡುತ್ತಿದ್ದೆನಂತೆ, ಗೊಣಗುಟ್ಟಿ ಆಚೆ ತಿರುಗುತ್ತಿದ್ದೆನಂತೆ. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ನಮ್ಮಿಬ್ಬರ ತಲೆ ನರೆಯಿತು, ಹಾಸಿಗೆ ಎರಡಾಯಿತು, ಆದರೆ ಕೋಣೆ ಒಂದೇ, ಬೆರಳು ಅದೇ. ಹಗಲೂ ಮಿಷನ್ನು ರಾತ್ರೀನೂ ಮಿಷನ್ನು, ನಿನ್ನ ಬಾಯಿಗೆ ಎಣ್ಣೆ ಬಿಡ್ಬೇಕು ಕಣೇ, ಎನ್ನುತ್ತ ಬೆಳಗ್ಗೆ ಟೀ ಲೋಟ ಇಡುತ್ತಿದ್ದಳು.

ಬಾಯಿ ದೊಡ್ಡದಾಗಿ ತೆಗೀರಿ, ಹಾಂ, ಈಗ ನಿಧಾನಕ್ಕೆ ಕಚ್ಚಿ, ಮೂಗಲ್ಲಿ ಉಸಿರಾಡಿ, ಅಲುಗಾಡಬೇಡಿ, ಮಾತು ಬೇಡವೇ ಬೇಡ, ಅಚ್ಚು ಕೆಟ್ಟುಹೋಗುತ್ತೆ — ತಣ್ಣಗೆ, ಬಾಯಿ ತುಂಬ ತಣ್ಣನೆಯ ಹಿಟ್ಟು, ಪುದೀನದ ವಾಸನೆ, ಎರಡು ತುಟಿ ಸೇರುವುದಿಲ್ಲ, ಹೀಗೇ ಇತ್ತು ಅವತ್ತೂ, ಹಿಟ್ಟಿನ ಬದಲು ಗುಂಡುಪಿನ್ನು, ತುಟಿಗಳ ನಡುವೆ ಸಾಲಾಗಿ, ಒಬ್ಬಾಕೆ ಸ್ಟೂಲಿನ ಮೇಲೆ ನಿಂತಿದ್ದಳು ಉದ್ದ ಕೋಟು ತೊಟ್ಟು, ನಾನು ಕೆಳಗೆ ಮಂಡಿಯೂರಿ ಅಂಚು ಮಡಚಿ ಒಂದೊಂದೇ ಪಿನ್ನು ಬಾಯಿಂದ ತೆಗೆದು ಚುಚ್ಚುತ್ತಿದ್ದೆ, ಬಾಗಿಲಲ್ಲಿ ತಂಗಿ, ದೂರದ ಊರಿನ ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿದೆ, ಅಲ್ಲೇ ಇರಬೇಕು, ಈಗಲೇ ಫೋನ್ ಮಾಡಿ ಒಪ್ಪಿಗೆ ಹೇಳಬೇಕು, ಹೋಗ್ತೀನಕ್ಕಾ, ನಿಂಗೇನೂ ಬೇಜಾರಿಲ್ಲ ತಾನೇ? ನಾನು ತಲೆಯೆತ್ತಿ ಊಹೂಂ ಅಂದೆ. ಊಹೂಂ, ಹೋಗಬೇಡ, ಊಹೂಂ, ಆಗಲ್ಲ ನನಗೆ. ಅವಳಿಗೆ ಕೇಳಿಸಿದ್ದು ಊಹೂಂ, ಬೇಜಾರಿಲ್ಲ. ಒಂದೇ ಊಹೂಂ, ಎರಡು ಬಾಗಿಲು, ನಾನು ಒಂದು ತೆರೆದೆ, ಅವಳು ಇನ್ನೊಂದರಲ್ಲಿ ಹೋದಳು. ಅವಳ ಮುಖ ಒಂದು ಗಳಿಗೆ ಬಣ್ಣ ಹೋದ ಬಟ್ಟೆಯ ಹಾಗೆ ಸಪ್ಪಗಾಗಿ, ಆಮೇಲೆ ನಕ್ಕಿತು, ಪಿನ್ನುಗಳನ್ನೆಲ್ಲ ಉಗಿದು ಕೂಗೋಣ ಎಂದರೆ ಪಿನ್ನು ಉಗಿಯುವ ಹಾಗಿಲ್ಲ, ಒಂದೊಂದೇ ತೆಗೆಯಬೇಕು, ತೆಗೆಯುವಷ್ಟರಲ್ಲಿ ಹಿಂದಿನ ಕೋಣೆಯಿಂದ ಅವಳ ದನಿ ಬಂತು, ಫೋನಿನಲ್ಲಿ ಯಾರಿಗೋ, ನಮ್ಮಕ್ಕ ಒಪ್ಪಿದಳು ಸಾರ್, ಒಂದೇ ಮಾತಿಗೆ. ಇಷ್ಟು ನಗುತ್ತಿರುವವಳನ್ನು ಏನೆಂದು ತಡೆಯಲಿ, ಹೊಸ ಕೆಲಸ, ಮಕ್ಕಳ ಗದ್ದಲ, ಈ ವಯಸ್ಸಿನಲ್ಲಿ ಅವಳಿಗೊಂದು ದಾರಿ ತೆರೆದಿದೆ, ಹೋಗಲಿ ಎಂದು ಅವುಡುಗಚ್ಚಿದೆ. ಅವುಡುಗಚ್ಚಿದ್ದೇ ಇರಬೇಕು, ಇನ್ನೂ ಬಿಟ್ಟಿಲ್ಲ. ಫೋನಿನಲ್ಲಿ ಊಟ ಆಯ್ತಾ, ಆಯ್ತು, ನಿಂದು, ಆಯ್ತು. ಅಷ್ಟೇ ಮಾತು, ತಿಂಗಳು ತಿಂಗಳಿಗೆ ಅದೂ ಸಣ್ಣಗಾಯಿತು. ಇವತ್ತು ಬೆಳಗ್ಗೆ ಪ್ರಾರ್ಥನೆಗೆ ಕೂತವಳು ಅರ್ಧಕ್ಕೆ ಎದ್ದು ಫೋನು ತೆಗೆದು ಒಂದು ಸಾಲು ಬರೆದೆ, ನಾನು ರಾತ್ರಿ ಶಬ್ದ ಮಾಡ್ತಿದ್ನಾ. ಕಳಿಸಿ ಆದ ಮೇಲೆ ಪ್ರಾರ್ಥನೆ ಮುಗಿಸಿದೆ.

ಫೋನು. ನನ್ನದೇ, ಚೀಲದೊಳಗೆ ಗುಂಯ್ ಎನ್ನುತ್ತಿದೆ, ನಾನು ಕೈ ಅತ್ತ ಚಾಚಿದ್ದು ನೋಡಿ ನರ್ಸಮ್ಮ ತೆಗೆದು, ಚಿಕ್ಕೋಳು ಅಂತ ಇದೆ ಅಮ್ಮಾ, ಹಿಡೀಲಾ ಅಂದಳು, ಡಾಕ್ಟರಮ್ಮ ಅಂದರು, ಬರೀ ಕೇಳಿಸ್ಕೊಳ್ಳಿ, ಮಾತಾಡೋ ಹಾಗಿಲ್ಲ, ಇನ್ನೊಂಚೂರು ಗಟ್ಟಿಯಾಗಲಿ, ಕಿವಿಗೆ ಗಾಜಿನ ತಂಪು, ಅದರೊಳಗೆ ಮಕ್ಕಳ ಗಲಾಟೆ, ಏಯ್ ಸುಮ್ನಿರ್ರೋ, ಅಕ್ಕಾ, ಇದೇನೇ ನಿನ್ನ ಮೆಸೇಜು, ಹೇಗಿದ್ದೀಯಾ ಅಂತಿಲ್ಲ ಏನಿಲ್ಲ, ರಾತ್ರಿ ಶಬ್ದ ಮಾಡ್ತಿದ್ನಾ ಅಂತೆ, ಮಾಡ್ತಿರಲಿಲ್ವಾ ಮತ್ತೆ, ಬೀದಿ ನಾಯಿ ಎದ್ದು ಕೂರೋ ಹಾಗೆ ಕಡೀತಿದ್ದೆ, ಕೇಳಿಸ್ತಿದೆಯಾ, ಹಲೋ — ನಾನು ಹೂಂ ಅಂದೆ, ಗಂಟಲಿನಿಂದ — ಬರೀ ಹೂಂ, ಆವತ್ತೂ ಹಾಗೇ, ಹೋಗ್ತೀನಿ ಅಂದ್ರೆ ಒಂದು ಮಾತಿಗಾದ್ರೂ ಬೇಡ ಕಣೇ ಅಂತೀಯೇನೋ ಅಂತ ಬಾಗಿಲಲ್ಲಿ ನಿಂತು ನೋಡ್ದೆ, ಬಾಯಿ ತುಂಬ ಪಿನ್ನು ಇಟ್ಕೊಂಡು ಊಹೂಂ ಅಂದ್ಬಿಟ್ಟೆ. ಅವಳು ಆಚೆ ನಡೆದಳೇನೋ. ಮಕ್ಕಳ ಸದ್ದು ಎಲ್ಲೋ ದೂರ ಹೋಯಿತು. ಆಮೇಲೆ ಮೆಲ್ಲಗೆ, ಕಡೀತಿದ್ದೆ ಅಂತ ಹೇಳಬಲ್ಲೆ, ಈಗ ಕಡೀತೀಯೋ ಇಲ್ವೋ ನಂಗೇನು ಗೊತ್ತಕ್ಕಾ, ಇಲ್ಲಿ ರಜ ಶುರುವಾಗುತ್ತೆ, ನಾನೇನು ಬಂದು ಕೇಳಿಸ್ಕೋಬೇಕಾಗಿಲ್ಲ ತಾನೇ?

ತಾನೇ. ಮತ್ತೆ ಅದೇ ತಾನೇ. ಹೂಂ ಎಂದರೆ ಬರಬೇಕಾಗಿಲ್ಲ, ಊಹೂಂ ಎಂದರೂ ಬರಬೇಕಾಗಿಲ್ಲ, ಹೇಗೆ ಹೂಂಗುಟ್ಟಿದರೂ ಅವಳು ಬರುವುದಿಲ್ಲ, ಬಾ ಎನ್ನಲು ಎರಡು ತುಟಿ ಕೂಡಬೇಕು, ಕೂಡಿ ತೆರೆಯಬೇಕು, ಅಮ್ಮಾ ಬೇಡ, ಅಮ್ಮಾ ಈಗಲೇ ತೆಗೀಬೇಡಿ, ನರ್ಸಮ್ಮನ ಕೂಗು, ನಾನು ಎರಡು ಬೆರಳು ಹಾಕಿ ಎಳೆದೆ, ಗುಲಾಬಿ ಹಿಟ್ಟು ಬಳುಕಿ ಹರಿದು ಗಲ್ಲದ ಮೇಲೆ, ಕೊರಳ ಮೇಲೆ, ತಟ್ಟೆಯಲ್ಲಿ ಬಿದ್ದ ಅಚ್ಚಿನಲ್ಲಿ ಹಲ್ಲುಗಳೆಲ್ಲ ಒಂದೇ ಕಡೆಗೆ ಓಡಿದ ಹಾಗೆ ಉದ್ದುದ್ದ ಗೀರು, ಬಾ ಅಂದೆ, ಬೇಕು, ಬಾರೇ, ಆವತ್ತೂ ಹೋಗಬೇಡ ಅಂತಲೇ ಅಂದದ್ದು, ಬಾ. ಅತ್ತ ಕಡೆ ಏನೂ ಇಲ್ಲ. ಫೋನು ನಿಂತಿಲ್ಲ, ಪರದೆ ಬೆಳಗುತ್ತಿದೆ ಎಂದು ನರ್ಸಮ್ಮ ಕಣ್ಣಲ್ಲೇ ಹೇಳುತ್ತಾಳೆ, ಡಾಕ್ಟರಮ್ಮ ಹತ್ತಿಯುಂಡೆ ಹಿಡಿದು ನಿಂತಿದ್ದಾರೆ, ನಾನು ಹೇಳುವುದನ್ನು ಹೇಳಿದೆ ದೇವರೇ, ಈಗ ಅವಳೊಂದು ಹೂಂ ಅನ್ನಬೇಕು, ಅನ್ನೇ ಚಿಕ್ಕೋಳೇ, ಇಲ್ಲದಿದ್ದರೆ ಕಥೆ ಇಲ್ಲೇ ಕೂತುಬಿಡುತ್ತೆ, ಕಿವಿಯ ಕೆಳಗೆ ಫೋನಿನ ತಂಪು, ದವಡೆ ತಿರುಗುವ ಮೂಲೆಯಲ್ಲಿ, ತಣ್ಣಗೆ, ಒಂದೇ ಒಂದು, ತಣ್ಣನೆಯ ಬೆರಳು —