ಕೊಲೆಗಾರ ಬದಲಾದ ಕಾದಂಬರಿ

ಪುಸ್ತಕದಂಗಡಿಗೆ ಕಾಲಿಟ್ಟರೆ ಸಾಕು, ಮಗಳಿಗೆ ಹೊಟ್ಟೆ ಉರಿಯುತ್ತಿತ್ತು. ತೀರಿಹೋದ ಅಪ್ಪ ಪತ್ತೇದಾರಿ ಕಾದಂಬರಿಕಾರ. ಅಪ್ಪನ ಗೆಳೆಯನೂ ಅದೇ ಕಸುಬಿನವನು. ಗೆಳೆಯ ಬರೆದ ಕೊಲೆಗಳೆಲ್ಲ ಹೊಸ ಮುಖಪುಟ ತೊಟ್ಟು ಮುಂದಿನ ಸಾಲಲ್ಲೇ ಮೆರೆಯುತ್ತಿದ್ದವು. ಅವನ ಮೂರು ಪಟ್ಟು ಬರೆದ ಅಪ್ಪನ ಹೆಸರು ಹೇಳಿದರೆ ಅಂಗಡಿಯವನು "ಯಾರು?" ಎನ್ನುತ್ತಿದ್ದ.

"ಆ ಗೆಳೆಯರು ಕೊಲೆಗಾರನ್ನ ಓದೋರ ಪಕ್ಕದಲ್ಲೇ ಕೂರಿಸ್ತಿದ್ರು," ಎಂದಳು ಅಮ್ಮ, ಒಣಗಿದ ಬಟ್ಟೆ ಮಡಚುತ್ತಾ. "ನಿಮ್ಮಪ್ಪ ಪುಸ್ತಕದಿಂದ್ಲೇ ಆಚೆ ಬಚ್ಚಿಡ್ತಿದ್ರು."

ಮಗಳು ಪ್ರಕಾಶಕರ ಬೆನ್ನು ಬಿದ್ದು ಒಂದು ಕಾದಂಬರಿಯ ಮರುಮುದ್ರಣಕ್ಕೆ ಒಪ್ಪಿಸಿದಳು. ಊರೆಲ್ಲ ಜಾಲಾಡಿದರೂ ಸಿಕ್ಕಿದ್ದು ಒಂದೇ ಪ್ರತಿ. ಅದರಲ್ಲೂ ಕೊನೆಯ ಅಧ್ಯಾಯವೇ ಹರಿದುಹೋಗಿತ್ತು.

"ಅಮ್ಮಾ, ಕೊಲೆ ಮಾಡಿದ್ದು ಯಾರು?"

"ಡಾಕ್ಟರು," ಎಂದಳು ಅಮ್ಮ, ರೆಪ್ಪೆ ಮಿಟುಕಿಸದೆ. "ಮೊದಲ್ನೇ ಪುಟದಿಂದ ಎಲ್ಲರ ನಾಡಿ ಹಿಡ್ಕೊಂಡು ಓಡಾಡ್ತಾನಲ್ಲ, ಇನ್ಯಾರು?"

ಅಮ್ಮ ಹೇಳಿದಂತೆ ಮಗಳು ಕೊನೆಯ ಅಧ್ಯಾಯ ಬರೆದಳು. ಪುಸ್ತಕ ನೋಡನೋಡುತ್ತಲೇ ಖಾಲಿಯಾಯಿತು. ಇಂಥ ಅಂತ್ಯ ಬರೆಯುವವರು ಈಗೆಲ್ಲಿದ್ದಾರೆ ಎಂದು ವಿಮರ್ಶಕರು ನಿಟ್ಟುಸಿರಿಟ್ಟರು.

ಆಗ ಚಿಕ್ಕಪ್ಪ ತನ್ನ ಮನೆಯ ಅಟ್ಟದಲ್ಲಿದ್ದ ಪೂರ್ತಿ ಪ್ರತಿ ಹಿಡಿದು ಬುಸುಗುಡುತ್ತ ಬಂದ. "ನಮ್ಮಣ್ಣನ ಪುಸ್ತಕಕ್ಕೆ ಕೈ ಹಾಕೋಕೆ ನೀವ್ಯಾರು?"

ಅದರ ಕೊನೆಯ ಪುಟದಲ್ಲಿ, ಅಲ್ಲಿಯವರೆಗೆ ಕಥೆಯಲ್ಲಿ ಎಲ್ಲೂ ಸುಳಿಯದ ಹಡಗಿನ ಅಡುಗೆಯವನೊಬ್ಬ ಬಂದು, ತಾನೇ ಕೊಂದೆನೆಂದು ಗೊಳೋ ಎಂದು ಅತ್ತಿದ್ದ.

"ಗೊತ್ತಿದ್ದೂ ಸುಳ್ಳು ಹೇಳಿದ್ಯಾ ಅಮ್ಮ?"

"ಸುಳ್ಳೇನು ಬಂತು? ಬರೆಯೋವಾಗ್ಲೇ ಬಡ್ಕೊಂಡೆ, ಡಾಕ್ಟರನ್ನ ಹಿಡೀರಿ ಅಂತ. ಕಿವಿಗೇ ಹಾಕ್ಕೊಳ್ಲಿಲ್ಲ."

ಮಗಳಿಗೆ ಮನಸ್ಸು ತಡೆಯಲಿಲ್ಲ. ಮುಂದಿನ ಮುದ್ರಣದಲ್ಲಿ ಅಪ್ಪನ ಅಂತ್ಯವನ್ನೇ ಹಾಕಿಸಿದಳು. ಓದುಗರು ಕೆಂಡಾಮಂಡಲವಾದರು. ಅಷ್ಟು ದೊಡ್ಡ ಲೇಖಕರ ಕೃತಿಯನ್ನು ಯಾವನೋ ಅಡ್ನಾಡಿ ಕೆಡಿಸಿಟ್ಟಿದ್ದಾನೆ, ಅವರು ಬದುಕಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರೋ ಎಂದು ಪ್ರಕಾಶಕರನ್ನು ತರಾಟೆಗೆ ತೆಗೆದುಕೊಂಡರು. ಪ್ರಕಾಶಕರು ತೆಪ್ಪಗೆ ಡಾಕ್ಟರನ್ನು ವಾಪಸ್ ಕರೆಸಿದರು. ಪುಸ್ತಕ ಮತ್ತೆ ಓಡಿತು. ಚಿಕ್ಕಪ್ಪನೂ ತನ್ನ ಪಾಲಿನ ಗೌರವಪ್ರತಿ ಕೇಳಿ ಇಸಿದುಕೊಂಡ.

ಮಾರಾಟವಾಗದೆ ಉಳಿದ ಕಟ್ಟಿನಿಂದ ಅಮ್ಮ ಒಂದು ಪ್ರತಿ ಎಳೆದುಕೊಂಡಳು. ಕಿಟಕಿಯ ಪಕ್ಕ ಕೂತು, ಅಡುಗೆಯವನು ಅಳುವ ಪುಟ ಓದುತ್ತಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ಇದು ನಿಮ್ಮಪ್ಪನೇ ಕಣೇ," ಎಂದಳು ಮಗಳಿಗೆ. "ಅಪ್ಪಟ ನಿಮ್ಮಪ್ಪ. ಇದನ್ನ ಯಾರು ತಾನೇ ಓದ್ತಾರೆ!"